ಮಗ್ಗದ ಮನೆಯ ಮೈಕು

"ನಾಕ ಗಂಟೇಕ ಫೈನಲ್ ಐತಿ. ಅಷ್ಟರಾಗ ನಿನ್ನ ಮೈಕ್ ಸರಿ ಆಗಲಿಲ್ಲಂದ್ರ ನಿನ್ನ ಜಾಗಾದಾಗ ನನ್ನ ತಂಗಿ ಅಮೀರಾನ್ನ ಆಡಸ್ತೀನಿ. ಸಿಟ್ಟಾಗಬ್ಯಾಡ ನೋಡಲೇ" ಎಂದಳು ಫರ್ಹಾನಾ.

ಸಿಟ್ಟಾಗದೆ ಏನು ಮಾಡುವುದು! ರೋಹಿಣಿಗೆ ಫೋನನ್ನೇ ಕಿಟಕಿಯಾಚೆ ಒಗೆಯುವಷ್ಟು ಸಿಟ್ಟು ಬಂತು. ಲಕ್ಷ್ಮೇಶ್ವರದ ಫರ್ಹಾನಾ, ಮುಂಡರಗಿಯ ಪ್ರಿಯಾ, ಬೆಟಗೇರಿಯ ಈ ರೋಹಿಣಿ, ಮೂವರೂ ಗದಗಿನ ಕಾಲೇಜಿನಲ್ಲಿ ಒಂದೇ ಬೆಂಚಿನವರು. ರಜೆಗೆ ಊರು ಸೇರಿದ ಮೇಲೆ ಫೋನಿನ ಆಟವೇ ಅವರ ಬೆಂಚಾಗಿತ್ತು. ಆಟದಲ್ಲಿ ಕೋಟೆ ಕಾಯಬೇಕು. ಬುರುಜಿನ ಮೇಲೆ ನಿಂತು ವೈರಿ ಬರುವ ದಿಕ್ಕು ಹೇಳುವ ಕೆಲಸ ರೋಹಿಣಿಯದು. ಹೇಳುವವಳ ದನಿಯೇ ಕೇಳದಿದ್ದರೆ ಅವಳು ಇದ್ದರೆಷ್ಟು, ಬಿಟ್ಟರೆಷ್ಟು?

ಅವಳ ಮನೆಯಲ್ಲಿ ಸಿಗ್ನಲ್ ಸಿಗುವುದು ಒಂದೇ ಕಿಟಕಿಯಲ್ಲಿ. ಆ ಕಿಟಕಿಯ ಕೆಳಗೇ ಆಯಿಯ ಮಗ್ಗ, ಮೈಕಿನ ತುಂಬ ಅದರದೇ ಲಟಕ್ ಪಟಕ್. ಆಯಿ ಎಂದರೆ ಅಪ್ಪನ ತಾಯಿ ದ್ಯಾಮವ್ವ. ಮದುವೆ ಮನೆಯವರು ನಾಳೆ ಬೆಳಿಗ್ಗೆ ಸೀರೆಗೆ ಬರುತ್ತಾರೆ, ಹಾಗಾಗಿ ಮಗ್ಗ ನಿಲ್ಲಿಸು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸೆಟ್ಟಿಂಗ್ಸಿನಲ್ಲಿ ಸದ್ದು ತಗ್ಗಿಸುವ ಆಯ್ಕೆ ಒತ್ತಿ ನೋಡಿದಳು. ಅದು ಮಗ್ಗವನ್ನೂ ನುಂಗಿತು, ರೋಹಿಣಿಯನ್ನೂ ನುಂಗಿತು. ತಲೆಯ ಮೇಲೆ ಕೌದಿ ಹೊದ್ದು ಮಾತಾಡಿದಳು. "ಬಾವ್ಯಾಗ ಬಿದ್ದೀಯೇನವಾ?" ಎಂದು ಪ್ರಿಯಾ ಬಿದ್ದು ಬಿದ್ದು ನಕ್ಕಳು. ಕೊನೆಗೆ ಗಂಟಲು ಹರಿಯುವಂತೆ ಕಿರುಚಿದಾಗ ಫರ್ಹಾನಾ ಇವಳ ದನಿಯನ್ನೇ ಬಂದ್ ಮಾಡಿಬಿಟ್ಟಳು. ಅಳು ಬಂತು. ಮಗ್ಗದವರ ಮನೆಯಲ್ಲಿ ಹುಟ್ಟಿದ್ದೇ ತಪ್ಪಾಯಿತು ಅನ್ನಿಸಿತು.

"ರೋಹಿಣಿ... ಚಾ... ಇಡವಾ..."

ಆಯಿ ತಲೆ ಎತ್ತದೆ, ಕೈ ನಿಲ್ಲಿಸದೆ, ದನಿ ಏರಿಸದೆ ಹೇಳಿದ್ದಳು. ಒಂದೊಂದು ಮಾತೂ ಗಂಟೆ ಹೊಡೆದಂತೆ ಕೇಳಿತು. ರೋಹಿಣಿ ಕಣ್ಣು ಒರೆಸಿಕೊಂಡು ಆಯಿಯನ್ನೇ ನೋಡಿದಳು. ನೂಲು ಹೊತ್ತ ಲಾಳಿ ಓಡುತ್ತದೆ, ಎಳೆ ಬಿಗಿಯುವ ಹಣಿಗೆಯ ಏಟು ಬೀಳುತ್ತದೆ, ಕಾಲು ಇನ್ನೊಂದು ತುಳಿಗೆಗೆ ಹೋಗುವಾಗ ಒಂದು ಗುಕ್ಕಿನಷ್ಟು ಮೌನ. ನೇಕಾರರ ಮನೆಯಲ್ಲಿ ಯಾರೂ ಮಗ್ಗದ ಮೇಲೆ ಕಿರುಚುವುದಿಲ್ಲ. ಆ ಮೌನದಲ್ಲಿ ಮಾತು ಇಟ್ಟುಬಿಡುತ್ತಾರೆ. ತೊಟ್ಟಿಲಲ್ಲೇ ಕಲಿತ ವಿದ್ಯೆಯನ್ನು ಈ ಜಾಣೆ ಫೋನು ಕೈಗೆ ಬಂದೊಡನೆ ಮರೆತಿದ್ದಳು.

"ಆಮ್ಯಾಲ ಇಡ್ತೀನಿ ಆಯಿ!" ಎಂದವಳೇ ಸೆಟ್ಟಿಂಗ್ಸ್ ತೆರೆದಳು. ಸದಾ ತೆರೆದಿರುತ್ತಿದ್ದ ಮೈಕನ್ನು, ಗುಂಡಿ ಒತ್ತಿದಾಗಷ್ಟೇ ತೆರೆಯುವಂತೆ ಬದಲಿಸಿದಳು. ಏಟು ಬಿತ್ತು. ಒತ್ತಿದಳು. "ಎಡಕ." ಬಿಟ್ಟಳು. ಏಟು ಬಿತ್ತು. "ಇಬ್ರು."

ಫರ್ಹಾನಾ ಬೆರಗಾದಳು. "ಲೇ, ಮಗ್ಗ ಬಂದ್ ಮಾಡಸಿದಿಯೇನ?"

"ಇಲ್ಲ... ನಡದೈತಿ."

"ಖರೆ? ಹಂಗಾರ ನೀನ ಆಡು."

ನಾಲ್ಕಕ್ಕೆ ಫೈನಲ್ ಶುರುವಾಯಿತು. ಎದುರಿಗೆ ಶಿರಹಟ್ಟಿಯ ಹುಡುಗರ ತಂಡ, ಒಂದು ಪಂದ್ಯವನ್ನೂ ಸೋತವರಲ್ಲ. ಮೊದಲೆಲ್ಲ ಈ ಮೂವರು ಒಟ್ಟಿಗೆ ಬಾಯಿ ಮಾಡಿ ಸಂತೆ ಎಬ್ಬಿಸುತ್ತಿದ್ದರು. ಇವತ್ತು ಬುರುಜಿನಿಂದ ಬರುತ್ತಿದ್ದುದು ಒಂದೊಂದೇ ಮಾತು. "ಬಾಗಲಾ." "ಬಲಕ." "ತಡಿ." ಅದನ್ನು ಕೇಳಿಸಿಕೊಳ್ಳಲು ಬಾಯಿಬಡುಕಿ ಪ್ರಿಯಾ ಕೂಡ ಸುಮ್ಮನಾದಳು. ಹುಡುಗರು ಒಬ್ಬೊಬ್ಬರಾಗಿ ಉದುರಿದರು. ಕೊನೆಗೆ ಪ್ರಿಯಾಳೂ ಬಿದ್ದಳು, ಕೆಳಗೆ ಕೋಟೆಯ ಬಾವುಟದ ಹತ್ತಿರ ಫರ್ಹಾನಾ ಒಬ್ಬಳೇ ಉಳಿದಳು. ಎದುರಾಳಿಯೂ ಒಬ್ಬನೇ, ಎಲ್ಲಿ ಅಡಗಿದ್ದಾನೋ ಅವಳಿಗೆ ಗೊತ್ತಿಲ್ಲ. ಬುರುಜಿನ ಮೇಲಿದ್ದ ರೋಹಿಣಿಗೆ ಅವನು ಕಂಡ. ಕಿರುಚಬೇಕೆಂದು ಬಾಯಿವರೆಗೆ ಬಂತು. ಕಿರುಚಲಿಲ್ಲ. ಏಟಿಗೆ ಕಾದಳು.

"ಹಿಂದ."

ಏಟು.

"ಮೆಟ್ಟಲಾಗ."

ಫರ್ಹಾನಾ ಗರಕ್ಕನೆ ತಿರುಗಿ ಹೊಡೆದಳು. ಪರದೆಯ ತುಂಬ ಬಂಗಾರದ ಬಣ್ಣ ಸುರಿಯಿತು. ಗೆದ್ದರು!

ರೋಹಿಣಿ ಗುಂಡಿ ಒತ್ತಿದಳು, ಈ ಸಲ ಬೆರಳು ತೆಗೆಯಲೇ ಇಲ್ಲ. ಅವಳ ಕೇಕೆಯ ಜೊತೆ ಆಯಿಯ ಲಟಕ್ ಪಟಕ್ ಪೂರ್ತಿಯಾಗಿ ಲಕ್ಷ್ಮೇಶ್ವರಕ್ಕೂ ಮುಂಡರಗಿಗೂ ಹೋಯಿತು. ಯಾರೂ ಬಂದ್ ಮಾಡಲಿಲ್ಲ.

"ಮುಂದಿನ ಮ್ಯಾಚಿಗೂ ಮಗ್ಗ ನಡೀಲಿ ಅಂತ ನಿಮ್ಮ ಅಜ್ಜಿಗೆ ಹೇಳ್ ಲೇ!" ಎಂದು ಫರ್ಹಾನಾ ಕೂಗಿದಳು.

ಆಯಿಗೆ ಫರ್ಹಾನಾಳ ಮಾತು ಕೇಳಿಸಿರಲಿಲ್ಲ, ಕೇಳಿಸಿದ್ದು ಮೊಮ್ಮಗಳ ಕೇಕೆಯಷ್ಟೇ. "ಗೆದ್ದೀರಿಲ್ಲೋ..." ಎಂದಳು, ಏಟು ಹಾಕಿದಳು, "ಈಗರ... ಚಾ... ಇಡು."