ಬೇಸಿಗೆಯಲ್ಲಿ ನೆಟ್ಟ ಕಲ್ಲು

ಮತ್ತೊಂದು ಮಣ್ಣಿನ ಲಾರಿ, ಹಿಂದಕ್ಕೆ ಹಿಂದಕ್ಕೆ ಬರುತ್ತಿದೆ, ಕ್ಲೀನರು ತಗಡು ತಟ್ಟುತ್ತ ವಾ ವಾ ವಾ ಅಂತ ಕರೆಯುತ್ತಾನೆ, ಹೋಲ್ಡಾನ್ — ಬೆಳ್ಳಕ್ಕಿಗಳು ಏಳುತ್ತವೆ, ಒಂದು ಸುತ್ತು ಹಾಕಿ ಸ್ವಲ್ಪ ಆಚೆ ಕೂರುತ್ತವೆ, ಪಾಪ ಅವಕ್ಕೇನು ಗೊತ್ತು, ಆಚೆಯೂ ಮುಚ್ಚುತ್ತಾರೆ, ಅದರಾಚೆಯೂ, ನಮ್ಮ ಕಲ್ಲಿನ ತನಕ ಎಲ್ಲವನ್ನೂ ಮುಚ್ಚುತ್ತಾರೆ, ಮೇ ತಿಂಗಳಲ್ಲಿ ನಾನು, ರಮೇಶ, ಕಾಲೇಜಿನ ಇನ್ನಷ್ಟು ಜನ ಸೇರಿ ನೆಟ್ಟ ಗಡಿಕಲ್ಲು, ವೇಲಚೇರಿಯ ಪಕ್ಕದ ಈ ಕೆರೆಯನ್ನು ಉಳಿಸಬೇಕು ಅಂತಲೇ ನೆಟ್ಟದ್ದು, ಉಳಿಸಬೇಕು ಅಂತ, ಅಳುವಾದರೂ ಬಂದಿದ್ದರೆ ಅತ್ತುಬಿಡಬಹುದಿತ್ತು, ಬರುತ್ತಿಲ್ಲ, ಚಪ್ಪಲಿಯೊಳಗೆ ನೀರು ತಣ್ಣಗಿದೆ.

ಮೇ ತಿಂಗಳಲ್ಲಿ ಯಾಕೆ ನೆಟ್ಟಿರಿ ಅಂದರೆ ರಜೆ ಇದ್ದದ್ದೇ ಆಗ, ಕಾಲೇಜು ತೆರೆಯುವುದರೊಳಗೆ ಪ್ರಾಜೆಕ್ಟ್ ಮುಗಿಯಬೇಕು, ಪ್ರಕೃತಿ ಸಂಘದ ಕಾರ್ಯದರ್ಶಿ ಹರಿಹರ ಸಾರ್ ಕ್ಲಾಸಿಗೇ ಬಂದು ಹೇಳಿದ್ದರು, ಓದುತ್ತ ಒಂದು ಕೆಲಸವನ್ನೂ ಕಲಿಯಿರಿ, ಮಾರ್ಕೂ ಉಂಟು, ಕೆರೆಯ ಸುತ್ತ ಕಲ್ಲು ಬಿದ್ದರೆ ಯಾರೂ ಒತ್ತುವರಿ ಮಾಡುವ ಹಾಗಿಲ್ಲ — ನಾನೇ ಮೊದಲು ಕೈ ಎತ್ತಿದವಳು, ಅಮ್ಮ ಗೊಣಗಿದಳು, ಏನೇ ಅಂಬುಜಾ, ಈ ವೆಯಿಲಲ್ಲಿ ಹಪ್ಪಳದ ಹಾಗೆ ಒಣಗೋಕಾ ನಿನ್ನ ಕಾಲೇಜಿಗೆ ಸೇರಿಸಿದ್ದು, ಅಮ್ಮಾ ಲೀವ್ ಇಟ್ ಅಂದೆ, ಆ ಬೇಸಿಗೆಯಲ್ಲಿ ಊರಿಗೆಲ್ಲ ನೀರಿಲ್ಲ, ಟಿ. ನಗರದ ನಮ್ಮ ಬೀದಿಯಲ್ಲಿ ಲಾರಿ ನೀರಿಗೆ ಕೊಡಗಳ ಸಾಲು, ಇಲ್ಲಿ ಕೆರೆ ನಡುವಿಗೆ ಸರಿದು ಒಂದು ತಟ್ಟೆಯಷ್ಟಾಗಿತ್ತು, ಸುತ್ತ ಬಿರಿದ ಮಣ್ಣು, ನಾವು ಹಗ್ಗ ಹಿಡಿದು ನೀರಿನ ಅಂಚಿನಲ್ಲೇ ನಡೆದೆವು, ಹೆಬ್ಬೆರಳು ಒದ್ದೆಯಾದಲ್ಲಿ ಒಂದು ಕಲ್ಲು, ಮತ್ತಷ್ಟು ದೂರ ಹೋಗಿ ಇನ್ನೊಂದು ಕಲ್ಲು, ಎಷ್ಟು ಸುಲಭ ಅಂದುಕೊಂಡೆವು, ನಲ್ಲಿ ನೋಡಿ ಬೆಳೆದವರಿಗೆ ನೀರಿದ್ದ ಜಾಗ ಕೆರೆ, ನೀರಿಲ್ಲದ ಜಾಗ ಕೆರೆಯಲ್ಲ, ಆ ಬಿರಿದ ಮಣ್ಣು ಯಾರದು, ಅದು ಯಾಕೆ ಹಾಗೆ ಬಿರಿದಿದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಹರಿಹರ ಸಾರ್‌ಗೂ ಹೊಳೆಯಲಿಲ್ಲ, ಎಲ್ಲರಿಗೂ ಬಿಸಿಲಿನ ಟೋಪಿ ಹಂಚಿ ಫೋಟೋ ತೆಗೆಸಿದರು.

ಈಗ ಐಪ್ಪಶಿ ಮಳೆ ಹಿಡಿದಿದೆ, ದೀಪಾವಳಿ ಹೊತ್ತಿನ ಮಳೆ, ಕೆರೆ ತನ್ನ ಜಾಗಕ್ಕೆ ತಾನು ಬಂದಿದೆ, ರಸ್ತೆಯ ಬುಡದ ತನಕ ನೀರು, ನಮ್ಮ ಕಲ್ಲುಗಳು ಎಲ್ಲೋ ಒಳಗೆ, ಮುಳುಗುವವರ ತಲೆಯ ಹಾಗೆ, ಬೆಳಿಗ್ಗೆ ಹರಿಹರ ಸಾರ್ ಮನೆಗೇ ಹೋಗಿದ್ದೆ, ಸಾರ್, ಕೆರೆಗೆ ಮಣ್ಣು ಹೊಡೀತಿದ್ದಾರೆ ಅಂದೆ, ಗೊತ್ತಮ್ಮಾ, ಕೂತ್ಕೋ, ಕಾಫಿ ಕುಡಿ, ಕಲ್ಲಿನ ಈಚೆಗೆ ಕೆರೆಯಲ್ಲ ಅಂತ ನಾವೇ ಹೇಳಿದ ಹಾಗಾಯ್ತಲ್ಲ, ಸೈಟು ಮಾಡಿ ಮಾರೋ ಲೇಔಟಿನವರು ಅದನ್ನೇ ಹಿಡಿದುಕೊಂಡಿದ್ದಾರೆ, ಸಂಘದ ಕಲ್ಲು ತಪ್ಪು ಅಂತ ಸಂಘವೇ ಹೇಳಿದರೆ ನಾಳೆ ನಮ್ಮನ್ನ ಯಾರು ನಂಬ್ತಾರೆ ಹೇಳು — ಕಾಫಿ ಕುಡಿದೆ, ನಾಚಿಕೆಯಿಲ್ಲದೆ ಪೂರ್ತಿ ಕುಡಿದೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಅಪ್ಪ ಯಾವಾಗಲೂ ಯಾರನ್ನೋ ಬೈಯುತ್ತಿರುತ್ತಾರೆ, ಬೇಲಿ ನಾನೇ ಅಪ್ಪಾ, ನಿನ್ನ ಮಗಳೇ.

ನೀರಿಗಿಳಿದಿದ್ದೇನೆ, ಮೊಣಕಾಲು, ತೊಡೆ, ಲಂಗ ಒದ್ದೆಯಾಗಿ ಕಾಲಿಗೆ ಸುತ್ತಿಕೊಳ್ಳುತ್ತಿದೆ, ದಡದಿಂದ ರಮೇಶ ಕೂಗುತ್ತಾನೆ, ಅಂಬುಜಾ, ವೇಂಡಾಂ, ತಿರುಂಬಿ ವಾ, ಬೇಡವಂತೆ, ವಾಪಸು ಬರಬೇಕಂತೆ, ಬರುವುದಿಲ್ಲ ಕಣೋ, ಒಂದೇ ಒಂದು ಕಲ್ಲನ್ನಾದರೂ ಕಿತ್ತು ರಸ್ತೆಯ ತನಕ ಹೊತ್ತು ಅಲ್ಲಿ ನೆಡುತ್ತೇನೆ, ಅಲ್ಲೇ ಇರಬೇಕಾದದ್ದು ಅದು, ಸೊಂಟದ ತನಕ ನೀರು, ಸಿಕ್ಕಿತು, ಪಾಚಿ ಹತ್ತಿ ಜಾರುತ್ತಿದೆ, ಅದಕ್ಕೆ ಆತುಕೊಂಡು ಕೊಳೆತ ಜೊಂಡಿನ ಒಂದು ತೆಪ್ಪ, ಅದರ ಮೇಲೆ ಗುಳುಮುಳುಕ, ಬೊಗಸೆಯಷ್ಟು ಮುಳುಗುಹಕ್ಕಿ, ಕಲ್ಲಿನ ಈಚೆ ಬದಿಗೇ ಗೂಡು ಕಟ್ಟಿದೆ, ಮುಚ್ಚುವ ಬದಿಗೆ, ನನ್ನನ್ನು ಕಂಡು ಹಾರಲಿಲ್ಲ, ಮುಳುಗಲೂ ಇಲ್ಲ, ಅವಸರದಲ್ಲಿ ಕೊಕ್ಕಿನಿಂದ ಒದ್ದೆ ಜೊಂಡು ಎಳೆದೆಳೆದು ಮೊಟ್ಟೆ ಮುಚ್ಚುತ್ತಿದೆ — ನಾನು ಕಲ್ಲನ್ನು ತಬ್ಬಿ ಎಳೆಯುತ್ತೇನೆ, ಅಲ್ಲಾಡುವುದಿಲ್ಲ, ಕಾಲು ಊರಿ ಎಳೆಯುತ್ತೇನೆ, ಇನ್ನೊಂದು ಬಾಂಡ್ಲಿ ಸಿಮೆಂಟು ಹಾಕು ರಮೇಶ್, ಯಾವ ಕಳ್ಳನೂ ಕೀಳಬಾರದು ಅಂದವಳು ನಾನೇ, ಎಷ್ಟು ಜಂಬದಿಂದ ಅಂದಿದ್ದೆ, ಹಿಂದೆ ವಾ ವಾ ವಾ, ಹೋಲ್ಡಾನ್, ಇಟ್ಟಿಗೆಚೂರು, ಒಡೆದ ಹೆಂಚು, ಮಣ್ಣು ಸುರಿದ ಸದ್ದು, ಅಲೆ ಬಂದು ತೆಪ್ಪ ವಾಲಿತು, ಹಕ್ಕಿ ಇನ್ನೂ ಹೋಗಿಲ್ಲ, ಇನ್ನೊಂದು ಎಳೆ ಜೊಂಡು ಮೊಟ್ಟೆಯ ಮೇಲೆ, ಅದರ ಮೇಲೆ ಇನ್ನೊಂದು, ಅಷ್ಟು ಮುಚ್ಚಿದರೆ ಸಾಕು ಅಂದುಕೊಂಡಿದೆ, ಇನ್ನೊಂದು ಎಳೆ, ಇನ್ನೊಂದು