ಅರ್ನೆಸ್ಟೀನಳ ಕುರ್ಚಿ

ನಮ್ಮ ಸಂಸ್ಥೆಯಲ್ಲಿ ಸಭೆ ಸೇರಿದಾಗಲೆಲ್ಲ ಒಂದು ಕುರ್ಚಿಯನ್ನು ಖಾಲಿ ಬಿಡಬೇಕು. ಯಾರ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲವೋ ಅವರಿಗಾಗಿ. ವರ್ಣಭೇದವನ್ನು ಬೇರುಸಹಿತ ಕೀಳುತ್ತೇವೆಂದು ಸಂಕಲ್ಪ ಮಾಡಿದ ದಿನ ನಿರ್ದೇಶಕಿ ಮೆರೆಡಿತ್ ತಂದ ಪದ್ಧತಿ ಇದು. ಸಂಕಲ್ಪವನ್ನು ಚಿಕಿತ್ಸಾಲಯದ ಗೋಡೆಯ ಮೇಲೂ ಬರೆಸಿದ್ದಾಳೆ, ನೀಲಿ ಬಣ್ಣದಲ್ಲಿ, ಮೇಕನ್ ಊರಿಗೆ ಊರೇ ಓದುವಷ್ಟು ದೊಡ್ಡದಾಗಿ. ಬರೆಸಲಿ, ನನಗೇನು ಹೊಟ್ಟೆಯುರಿಯಿಲ್ಲ. ಆದರೆ ಆ ಕುರ್ಚಿಯನ್ನು ರೋಗಿಗಳು ಕಾಯುವ ಮುಂದಿನ ಕೋಣೆಯಿಂದ ಸಭೆಗೆ ಹೊರುವವಳು ನಾನು. ಬಾಗಿಲ ಬಳಿ ಕೂತು ಬಂದವರ ಹೆಸರು ಕೂಗುವ ವರ್ಲೀನ್ ಎಂಬ ನನಗೆ ಇದೂ ಒಂದು ಕೆಲಸ.

ಯಾರ ಮಾತು ಕೇಳಿಸಿಕೊಳ್ಳಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಮಿಸ್ ಅರ್ನೆಸ್ಟೀನ್. ನಮ್ಮ ಚರ್ಚಿನಲ್ಲಿ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು, ಹಾಡಿನ ಆವೇಶದಲ್ಲಿ ಕುಸಿದವರಿಗೆ ಗಾಳಿ ಬೀಸುತ್ತಿದ್ದವಳು. ರಟ್ಟಿನ ಬೀಸಣಿಗೆ, ಅದರ ಹಿಂಬದಿಯಲ್ಲಿ ಹೆಣ ಮಣ್ಣುಮಾಡುವ ಕಂಪನಿಯ ಜಾಹೀರಾತು. ಬಾಯಲ್ಲಿ ಸದಾ ಪೆಪ್ಪರ್‌ಮಿಂಟು. ಸಂಕಲ್ಪಕ್ಕೆ ಮುಂಚಿನ ಚಳಿಗಾಲ ನಮ್ಮಲ್ಲಿಗೆ ಬಂದು, "ಉಸಿರು ಸಾಲ್ತಿಲ್ಲ ಕಣಮ್ಮ" ಎಂದಳು. ಬೆರಳಿಗೆ ಕ್ಲಿಪ್ಪು ಹಾಕಿದರು. ತೊಂಬತ್ತೈದು ತೋರಿಸಿತು. ಚೆನ್ನಾಗಿದ್ದೀರಿ, ಹೋಗಿ ಮಲಗಿ ಎಂದರು. ಹೋಗಿ ಮಲಗಿದವಳು ಏಳಲಿಲ್ಲ.

ಆ ಕ್ಲಿಪ್ಪು ಬೆರಳಿಗೆ ಬೆಳಕು ಹಾಯಿಸಿ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುತ್ತದೆ. ತೊಂಬತ್ತರ ಕೆಳಗಿಳಿದರೆ ಜೀವಕ್ಕೆ ಅಪಾಯ. ಕಪ್ಪು ಚರ್ಮದ ಮೇಲೆ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಇದನ್ನು ಆಮೇಲೆ ತರಬೇತಿಯಲ್ಲಿ ಕಲಿಸಿದರು, ಎಲ್ಲರೂ ತಲೆದೂಗಿದರು. ಅರ್ನೆಸ್ಟೀನಳ ಹೆಸರನ್ನು ಮಾತ್ರ ಗೋಡೆಯ ಮೇಲೆ ಬರೆಸಲಿಲ್ಲ. ವಕೀಲರು ಬೇಡವೆಂದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಆ ಕುರ್ಚಿ ಬೆಚ್ಚಗಿರತೊಡಗಿತು. ಕಿಟಕಿಯ ಬಿಸಿಲೆಂದುಕೊಂಡೆ. ಮೋಡ ಕವಿದ ದಿನವೂ ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಹಾಗೆ. ವಾರದಿಂದ ವಾರಕ್ಕೆ ಭಾರವೂ ಆಗುತ್ತಿತ್ತು. ಸಭೆಯ ಬಾಗಿಲು ಮುಟ್ಟುವ ಮೊದಲು ಇಳಿಸಿ ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ನರ್ಸ್ ಟ್ವಾಯ್ಲಾಗೆ ಹೇಳಿದೆ. ನಮ್ಮವಳೇ, ನನ್ನಷ್ಟೇ ಕಪ್ಪು.

"ವಯಸ್ಸಾಯ್ತು ಕಣೆ ನಿಂಗೆ. ಸೊಂಟ ತೋರಿಸ್ಕೋ."

"ನನ್ ಸೊಂಟ ನೆಟ್ಟಗಿದೆ. ಬಾ, ನೀನೇ ಕೂತು ನೋಡು."

ಅವಳು ನಕ್ಕಳು. ಕೂರಲಿಲ್ಲ ಮಾತ್ರ.

ಮಾರ್ಚಿನ ಒಂದು ಬೆಳಿಗ್ಗೆ ರೊಶೆಲ್ ಬಂದಳು. ತಂಗಿ ತೀರಿಕೊಂಡ ಮೇಲೆ ನಾನೇ ಸಾಕಿದ ಅವಳ ಮಗಳು, ನನಗಿರುವವಳು ಅವಳೊಬ್ಬಳೇ. ಹಸಿ ಬಾಣಂತಿ. ಬಾಗಿಲಿನಿಂದ ನನ್ನ ಮೇಜಿನವರೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಂತಳು.

"ದೊಡ್ಡಮ್ಮ, ಮಲ್ಕೊಂಡ್ರೆ ನೀರಲ್ಲಿ ಮುಳುಗ್ದಂಗಾಗುತ್ತೆ."

ಟ್ವಾಯ್ಲಾ ಕ್ಲಿಪ್ಪು ಹಾಕಿದಳು. ತೊಂಬತ್ತೈದು. "ಚೆನ್ನಾಗೇ ಇದೀಯಲ್ಲ ಮರಿ. ಮಗು ನಿದ್ದೆ ಮಾಡಕ್ಕೆ ಬಿಡ್ತಿಲ್ಲ, ಅಷ್ಟೆ. ಮನೆಗೋಗಿ ಮಲ್ಕೋ." ಎಂದು ಕ್ಲಿಪ್ಪನ್ನು ಪಕ್ಕದಲ್ಲಿದ್ದ ಆ ಖಾಲಿ ಕುರ್ಚಿಯ ಕೈಮೇಲಿಟ್ಟು ಸಭೆಗೆ ಓಡಿದಳು. ಅಂದು ಸಂಕಲ್ಪದ ವರ್ಷಾವಧಿ ಸಭೆ, ಡಾಕ್ಟರೂ ಅಲ್ಲೇ. ಸದ್ಯ, ಏನೂ ಇಲ್ಲವಲ್ಲ ಎಂದು ನನಗೂ ಸಮಾಧಾನವಾಯಿತು.

ಕುರ್ಚಿಯನ್ನು ಒಳಗೆ ಒಯ್ಯಬೇಕಿತ್ತು. ಎತ್ತಲು ಹೋದೆ, ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಗ ಪೆಪ್ಪರ್‌ಮಿಂಟಿನ ವಾಸನೆ ಬಂತು. ರಟ್ಟು ಬೀಸುವ ಪಟಪಟ ಸದ್ದು, ನಿಧಾನ, ಒಂದೇ ಸಮ. ಕಿಟಕಿ ಮುಚ್ಚಿತ್ತು, ಫ್ಯಾನು ನಿಂತಿತ್ತು. ರೊಶೆಲ್‌ಳ ಹಣೆಯ ಮೇಲಿನ ಕೂದಲು ಮಾತ್ರ ಹಾರುತ್ತಿತ್ತು. ಕುರ್ಚಿಯ ಕೈಮೇಲೆ, ಯಾರ ಬೆರಳನ್ನೂ ಕಚ್ಚಿರದ ಕ್ಲಿಪ್ಪು ತಾನಾಗಿ ಹೊತ್ತಿಕೊಂಡಿತು. ಎಂಬತ್ತಾರು. ನೋಡುತ್ತಿದ್ದಂತೆ ಎಂಬತ್ತೈದು.

ನಾನು ಅವಳತ್ತ ತಿರುಗಿದೆ. "ರೊಶೆಲ್, ಮೆಷೀನ್ ಹಾಳಾಗೋಗ್ಲಿ. ನೀನ್ ಹೇಳು."

"ಸಾಯ್ತಿದೀನಿ ಅನ್ಸುತ್ತೆ ದೊಡ್ಡಮ್ಮ. ಆಗ್ಲಿಂದ ಅದನ್ನೇ ಹೇಳ್ತಿದೀನಿ."

ಆಂಬುಲೆನ್ಸಿಗೆ ಫೋನು ಮಾಡಿ ಸಭೆಯ ಬಾಗಿಲು ತಳ್ಳಿದೆ. "ನಾವು ಕೇಳಿಸಿಕೊಳ್ಳುತ್ತೇವೆ" ಎಂಬ ಸಂಕಲ್ಪದ ಸಾಲನ್ನು ಓದುತ್ತಿದ್ದ ಮೆರೆಡಿತ್ ತಲೆಯೆತ್ತಿದಳು. "ವರ್ಲೀನ್, ಖಾಲಿ ಕುರ್ಚಿ ಎಲ್ಲಿ?"

"ಖಾಲಿ ಇಲ್ಲ. ಅರ್ನೆಸ್ಟೀನ್ ಕೂತಿದಾಳೆ, ನನ್ ಹುಡುಗಿ ಪಕ್ಕ. ಈ ಸಲನಾದ್ರೂ ಎದ್ದು ಬನ್ನಿ."

ಆ ಹೆಸರು ಆ ಕೋಣೆಯಲ್ಲಿ ಕೇಳಿಬಂದದ್ದು ಅದೇ ಮೊದಲು. ಟ್ವಾಯ್ಲಾ ಎದ್ದು ಓಡಿದಳು. ಅವಳ ಹಿಂದೆ ಉಳಿದವರು.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದು ನೋಡಿದಾಗ ಎಂಬತ್ತೈದೇ ಬಂತು. ಹೆರಿಗೆಯ ನಂತರ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಮನೆಗೆ ಹೋಗಿ ಮಲಗಿದ್ದರೆ ಏಳುತ್ತಿರಲಿಲ್ಲ ಎಂದರು ಅಲ್ಲಿನ ಡಾಕ್ಟರು. ರೊಶೆಲ್ ಉಳಿದಳು. ನಾನು ಕಾರಿಡಾರಿನಲ್ಲಿ ಕೂತು ಗೋಳೋ ಎಂದು ಅತ್ತೆ.

ಇನ್ನು ಕುರ್ಚಿ ಹೊರುವುದಿಲ್ಲ ಎಂದು ಮೆರೆಡಿತ್‌ಗೆ ಹೇಳಿದೆ.

"ಮತ್ತೆ ಸಭೇಲಿ ಯಾವ ಕುರ್ಚಿ ಖಾಲಿ ಬಿಡೋದು?"

"ನಿಮ್ದೇ ಬಿಡಿ. ನೀವು ಹೊರಗ್ ಬಂದು ಜನರ ಜೊತೆ ಕೂತ್ಕೊಳಿ."

ಬೈಯುತ್ತಾಳೆ ಎಂದುಕೊಂಡಿದ್ದೆ. ಬಂದು ಕೂತಳು. ಗೋಡೆಯ ಮೇಲೆ ಅರ್ನೆಸ್ಟೀನಳ ಹೆಸರನ್ನೂ ಬರೆಸಿದಳು. ವಕೀಲರು ಏನೆಂದರೋ ಗೊತ್ತಿಲ್ಲ.

ಮೊನ್ನೆ ಮುಂದಿನ ಕೋಣೆ ತುಂಬ ಜನ. ಎಲ್ಲರ ಬೆರಳಿಗೂ ಹಾಕಿ ತೆಗೆದ ಕ್ಲಿಪ್ಪು ಅರ್ನೆಸ್ಟೀನಳ ಕುರ್ಚಿಯ ಕೈಮೇಲಿತ್ತು. ಅದು ಮತ್ತೆ ಹೊತ್ತಿಕೊಂಡಿತು. ಎಂಬತ್ತೇಳು, ಎಂಬತ್ತಾರು. ಯಾರದೆಂದು ಅದು ಹೇಳುವುದಿಲ್ಲ. ಮೆರೆಡಿತ್, ಟ್ವಾಯ್ಲಾ, ನಾನು ಒಬ್ಬೊಬ್ಬರ ಎದುರೂ ಮಂಡಿಯೂರಿ ಕೇಳುತ್ತ ಹೋದೆವು. ಉಸಿರು ಹೇಗಿದೆ, ನಿಜ ಹೇಳಿ. ಎಲ್ಲರೂ ಚೆನ್ನಾಗಿದ್ದರು. ಸಂಖ್ಯೆ ಇಳಿಯುತ್ತಲೇ ಇತ್ತು. ಕೊನೆಯವರನ್ನು ಕೇಳಿ ಏಳಲು ಹೋದೆ, ಏಳಲಾಗಲಿಲ್ಲ. ಪೆಪ್ಪರ್‌ಮಿಂಟಿನ ವಾಸನೆಯ ತಣ್ಣನೆ ಗಾಳಿ ನನ್ನ ಕುತ್ತಿಗೆಗೆ ಬೀಸುತ್ತಿತ್ತು. ಆ ಕುರ್ಚಿ ಎಂದೂ ಭಾರವಾಗಿರಲಿಲ್ಲ, ಸೋಲುತ್ತಿದ್ದವಳು ನಾನೇ ಎಂದು ಆಗ ಗೊತ್ತಾಯಿತು.

ಮೆರೆಡಿತ್ ನನ್ನ ಮುಂದೆ ನೆಲದ ಮೇಲೆ ಕೂತಳು. "ವರ್ಲೀನ್, ನೀನ್ ಹೇಗಿದೀಯ?"

ಚೆನ್ನಾಗಿದ್ದೇನೆ ಎನ್ನಲು ಬಾಯಿ ತೆರೆದೆ, ಎಂದಿನ ಹಾಗೆ. ಬೀಸಣಿಗೆಯ ಸದ್ದು ನಿಂತಿತು, ಯಾರೋ ಕಿವಿಗೊಟ್ಟ ಹಾಗೆ.

"ಉಸಿರು ಸಾಲ್ತಿಲ್ಲ ಕಣಮ್ಮ" ಎಂದೆ.