ಬೂಬುವಿನ ಬುಟ್ಟಿ

ವಸೀತಿ ಆ ಪತ್ರಿಕೆಯ ಕಚೇರಿಗೆ ಗುಮಾಸ್ತೆಯಾಗಿ ಸೇರಿದ್ದು ಹೊಟ್ಟೆಪಾಡಿಗಲ್ಲ, ಸೇಡಿಗೆ. ಹವಳ ಯಾವ ಹುಣ್ಣಿಮೆಗೆ ಮೊಟ್ಟೆ ಬಿಡುತ್ತದೆಂದು ಮೂರು ವರ್ಷ ದೋಣಿಯಲ್ಲಿ ಅಲೆದು ಬರೆದ ಲೇಖನವನ್ನು ಸುವಾ ಪಟ್ಟಣದ ಆ ಕಡಲ ವಿಜ್ಞಾನ ಪತ್ರಿಕೆ 'ಯೋಗ್ಯವಲ್ಲ' ಎಂದು ತಿರಸ್ಕರಿಸಿತ್ತು. ಮರುವರ್ಷ ಅದೇ ಅಂಕಿ, ಅದೇ ನಕ್ಷೆ ಹೋಬಾರ್ಟಿನ ಪ್ರೊಫೆಸರ್ ಹ್ಯಾಲಟನ ಹೆಸರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ಅವನು ಲೋಕಪ್ರಸಿದ್ಧನಾದ. ಇವಳ ಹಸ್ತಪ್ರತಿ ಕಳೆದಿದೆ ಎಂದರು. ಕಳೆಯಲು ಅದೇನು ಸೂಜಿಯೇ?

ಇಪ್ಪತ್ತಾರು ವರ್ಷ ಕಾದಳು. ಈ ವರ್ಷ ಪತ್ರಿಕೆ ಕಾಗದ ಬಿಟ್ಟು ಪೂರ್ತಿ ಅಂತರ್ಜಾಲಕ್ಕೆ ಹೋಯಿತು. ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುವ ಕೆಲಸ ವಸೀತಿಯದು. ಒಂದು ಪೆಟ್ಟಿಗೆಯ ತಳದಲ್ಲಿ ಅವಳ ಹಸ್ತಪ್ರತಿ ಸಿಕ್ಕಿತು, ಬಂದ ತಾರೀಕಿನ ಮುದ್ರೆಯ ಸಮೇತ. ಅದಕ್ಕೆ ಚುಚ್ಚಿದ್ದ, 'ಯೋಗ್ಯವಲ್ಲ' ಎಂದು ಬರೆದ ಪರಿಶೀಲಕನ ಪತ್ರದ ಕೆಳಗೆ ಹ್ಯಾಲಟನ ಸಹಿಯಿತ್ತು.

ಹೊಸ ಸಂಪಾದಕಿ ಲೋಸಲಿನಿ ಎರಡನ್ನೂ ಓದಿ, "ಅಕ್ಕಾ, ತಿದ್ದುಪಡಿ ನಾನು ಬರೀತೀನಿ. ಪ್ರಕಟಿಸೋ ಗುಂಡಿ ಮಾತ್ರ ನೀನೇ ಒತ್ತು," ಎಂದಳು.

ಅಂತರ್ಜಾಲ ಪತ್ರಿಕೆಯ ಉದ್ಘಾಟನೆಗೆ ಹ್ಯಾಲಟನೇ ಮುಖ್ಯ ಅತಿಥಿ. ಹಾರ ಹಾಕಿಸಿಕೊಂಡು, ಚಾಪೆಯ ಮೇಲೆ ಕಾಲು ಮಡಚಿ ಕೂತು, ತೆಂಗಿನ ಚಿಪ್ಪಿನಲ್ಲಿ ಕೊಟ್ಟ ಯಂಗೋನ ಬೇರಿನ ಪಾನಕ ಕುಡಿದ. ಪರದೆಯ ಮೇಲೆ ಅವನ ಪ್ರಸಿದ್ಧ ಲೇಖನ ಮೂಡಿತು.

"ಪ್ರೊಫೆಸರೇ," ವಸೀತಿ ಕೇಳಿದಳು, "ಇದರಲ್ಲಿ ಬೂಬುವಿನ ಬುಟ್ಟಿ ಅಂತ ಒಂದು ಜಾಗ ಇದೆಯಲ್ಲ, ಯಾರು ಹೇಳಿದ್ದು ನಿಮಗೆ?"

"ನಿಮ್ಮ ಬೆಸ್ತರೇ ಕಣಮ್ಮ. ಅವರೆಲ್ಲ ಹಾಗೇ ಕರೀತಾರೆ."

ಮುಂದಿನ ಸಾಲಿನ ಮುದಿ ಬೆಸ್ತರು ಮುಖಮುಖ ನೋಡಿಕೊಂಡರು. "ನಾವಂತೂ ಕೇಳಿಲ್ಲಪ್ಪ," ಎಂದ ಒಬ್ಬ.

"ಹೇಗೆ ಕೇಳ್ತೀರಿ? ಬೂಬು ಅಂದ್ರೆ ನಮ್ಮಜ್ಜಿ. ಅಲ್ಲಿ ಮೀನಿನ ಬುಟ್ಟಿ ಮುಳುಗಿಸಿ ಬಂದಿದ್ದಳು, ತಾತ ಸಾಯೋವರೆಗೂ ಆಡಿಕೊಂಡ. ನಮ್ಮನೆ ಬಿಟ್ರೆ ಯಾರೂ ಹಾಗನ್ನಲ್ಲ, ಯಾವ ನಕ್ಷೇಲೂ ಇಲ್ಲ. ನನ್ನ ಲೇಖನದಲ್ಲಿ ಮೈಮರೆತು ಬರೆದಿದ್ದೆ. ನೀವು ಅದನ್ನೂ ಬಿಡಲಿಲ್ಲ."

ವಸೀತಿ ಗುಂಡಿ ಒತ್ತಿದಳು. ಪರದೆಯಲ್ಲಿ ಹ್ಯಾಲಟನ ಹೆಸರಿನ ನೆತ್ತಿಯ ಮೇಲೆ ಕೆಂಪಕ್ಷರ ಬಂತು: ಈ ಸಂಶೋಧನೆ ವಸೀತಿ ರೊಕೊದುರು ಅವರದು. ಪಕ್ಕದಲ್ಲೇ ಹಸ್ತಪ್ರತಿ, ಮುದ್ರೆ, ಅವನ ಸಹಿ. ಆ ಲೇಖನವನ್ನು ಆಧಾರವಾಗಿ ಹೆಸರಿಸಿದ ಪ್ರತಿಯೊಬ್ಬರಿಗೂ ಅದೇ ಕ್ಷಣ ಸಂದೇಶ ಹೋಗುವ ಏರ್ಪಾಡಿತ್ತು. ಸಭೆಯಲ್ಲಿದ್ದ ವಿಜ್ಞಾನಿಗಳ ಒಂದೊಂದೇ ಫೋನು ಗುಂಯ್‌ಗುಟ್ಟಿತು. ಕೊನೆಗೆ ಹ್ಯಾಲಟನ ಜೇಬೂ ಗುಂಯ್‌ಗುಟ್ಟಿತು. ಆ ಲೇಖನವನ್ನು ಎಲ್ಲರಿಗಿಂತ ಹೆಚ್ಚು ಸಲ ಹೆಸರಿಸಿದವನು ಅವನೇ ತಾನೆ.

ವಸೀತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ತೆಗೀರಿ ಪ್ರೊಫೆಸರೇ," ಎಂದಳು, "ಎಲ್ಲರಿಗೂ ಕೇಳೋ ಹಾಗೆ ಓದಿ."